ಹೊರಗಿನ ಸಂಗತಿಗಳು ಐಟಿ ಸೇವಾ ನಿರ್ವಹಣೆಯನ್ನು ಎಲ್ಲಿ ಮುಟ್ಟುತ್ತವೆ? ಬೆಂಗಳೂರಿನ ತಂಡಗಳಿಗೆ ಒಂದು ಪ್ರಶ್ನೆ

ಸರ್ವಿಸ್‌ಡೆಸ್ಕ್_ಬೆಳ್ಳಂದೂರು

ಎಲ್ಲರಿಗೂ ನಮಸ್ಕಾರ. ಐಟಿ ಸೇವಾ ನಿರ್ವಹಣೆಯ, ಅಂದರೆ ಕಂಪ್ಯೂಟರ್ ವ್ಯವಸ್ಥೆಗಳನ್ನು ಬಳಕೆದಾರರಿಗೆ ಸರಿಯಾಗಿ ನಡೆಸಿಕೊಡುವ ಕೆಲಸದ ಮಾತು ಬಂದಾಗ ನಾವು ಟಿಕೆಟ್ (ದಾಖಲಾದ ದೂರು ಅಥವಾ ಕೋರಿಕೆ), ಎಸ್‌ಎಲ್‌ಎ (ಸೇವೆಯ ಮಟ್ಟ ಮತ್ತು ಗಡುವಿನ ಒಪ್ಪಂದ), ಚೇಂಜ್ (ವ್ಯವಸ್ಥೆಯಲ್ಲಿನ ಬದಲಾವಣೆ) ಅನುಮೋದನೆ, ಮೂಲಕಾರಣ ವರದಿ ಎಂದು ಕಚೇರಿಯ ಒಳಗೇ ಸುತ್ತುತ್ತೇವೆ. ಆದರೆ ಬೆಂಗಳೂರಿನ ತಂಡಗಳನ್ನು ಈಚಿನ ವರ್ಷಗಳಲ್ಲಿ ಬುಡಸಹಿತ ಅಲ್ಲಾಡಿಸಿದ ಸಂದರ್ಭಗಳನ್ನು ಒಂದೊಂದಾಗಿ ನೆನಪಿಸಿಕೊಂಡರೆ, ಅವುಗಳಲ್ಲಿ ಹೆಚ್ಚಿನವುಗಳ ಮೂಲ ನಮ್ಮ ಸರ್ವರ್‌ಗಳಲ್ಲಾಗಲಿ ನಮ್ಮ ಕೋಡ್‌ನಲ್ಲಾಗಲಿ ಇರಲಿಲ್ಲ. ಮಳೆ, ಲಾಕ್‌ಡೌನ್, ಸರ್ಕಾರದ ಒಂದು ನಿರ್ದೇಶನ, ಎಲ್ಲೋ ಸಮುದ್ರದಡಿ ತುಂಡಾದ ಕೇಬಲ್, ಸಾಫ್ಟ್‌ವೇರ್ ಮಾರುವ ಕಂಪನಿಯ ಹೊಸ ಬೆಲೆಪಟ್ಟಿ ಇಂಥವೇ ಕಾರಣವಾಗಿದ್ದವು.

ಇದು ನಮ್ಮ ಕ್ಷೇತ್ರದ ಗ್ರಂಥಗಳಿಗೆ ಗೊತ್ತಿಲ್ಲದ ವಿಷಯವಲ್ಲ. 2019ರ ಫೆಬ್ರವರಿಯಲ್ಲಿ ಬಂದ ಐಟಿಐಎಲ್ 4 ಎಂಬ ಮಾರ್ಗದರ್ಶಿ ಚೌಕಟ್ಟು ಸೇವಾ ನಿರ್ವಹಣೆಗೆ ನಾಲ್ಕು ಆಯಾಮಗಳನ್ನು ಹೇಳಿ, ಆ ನಾಲ್ಕನ್ನೂ ರಾಜಕೀಯ, ಆರ್ಥಿಕ, ಸಾಮಾಜಿಕ, ತಾಂತ್ರಿಕ, ಕಾನೂನು ಮತ್ತು ಪರಿಸರ ಎಂಬ ಆರು ಹೊರಗಿನ ಅಂಶಗಳು ಸುತ್ತುವರಿದಿರುವಂತೆ ಚಿತ್ರಿಸುತ್ತದೆ. ಸೇವಾ ನಿರ್ವಹಣೆಯ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 20000-1ರ 2018ರ ಆವೃತ್ತಿಯೂ ತನ್ನ 4.1ನೇ ವಿಧಿಯಲ್ಲಿ ಸಂಸ್ಥೆಯ ಒಳಗಿನ ಮತ್ತು ಹೊರಗಿನ ಸಂಗತಿಗಳನ್ನು ಗುರುತಿಸಬೇಕೆಂದು ಕೇಳುತ್ತದೆ. 2024ರ ತಿದ್ದುಪಡಿಯ ನಂತರ, ಹವಾಮಾನ ಬದಲಾವಣೆ ತನಗೆ ಸಂಬಂಧಪಟ್ಟ ವಿಷಯವೇ ಎಂಬುದನ್ನೂ ಸಂಸ್ಥೆ ನಿರ್ಧರಿಸಬೇಕು.

ಇಷ್ಟಾದರೂ ಬಹಳಷ್ಟು ಕಡೆ ಈ ಆರು ಅಂಶಗಳು ಆಡಿಟ್ ಹತ್ತಿರ ಬಂದಾಗ ದಿನಾಂಕ ತಿದ್ದುವ ಒಂದು ಕಡತದಲ್ಲೇ ಉಳಿದುಬಿಡುತ್ತವೆ. ಆ ಕಡತವನ್ನು ಬರೆದವರಿಗೂ ರಾತ್ರಿ ಪಿ1 (ಅತ್ಯಂತ ಮೇಲಿನ ಆದ್ಯತೆಯ) ಟಿಕೆಟ್ ಎತ್ತಿಕೊಳ್ಳುವವರಿಗೂ ಸಂಪರ್ಕವೇ ಇರುವುದಿಲ್ಲ. ಹೊರಗಿನ ಒಂದು ಸಂಗತಿಯಿಂದಾಗಿ ಟಿಕೆಟ್ ನಮೂನೆಯಲ್ಲಿ ಒಂದು ಅಂಕಣ, ಒಪ್ಪಂದದಲ್ಲಿ ಒಂದು ಷರತ್ತು, ಪಾಳಿಪಟ್ಟಿಯಲ್ಲಿ ಒಂದು ಸಾಲು ಇಲ್ಲವೇ ಚೇಂಜ್ ಕ್ಯಾಲೆಂಡರಿನಲ್ಲಿ ಒಂದು ದಿನಾಂಕ ಬದಲಾಗಿಲ್ಲವೆಂದರೆ, ಆ ಸಂಗತಿಯನ್ನು ನಾವು ಪರಿಗಣಿಸಿಯೇ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ನಿಮ್ಮ ತಂಡಗಳಲ್ಲಿ ಹಾಗೆ ಬದಲಾದದ್ದು ಏನು, ಬದಲಾಗಬೇಕಾಗಿಯೂ ಆಗದೆ ಉಳಿದದ್ದು ಏನು ಎಂಬುದನ್ನು ದಯವಿಟ್ಟು ಹಂಚಿಕೊಳ್ಳಿ.

ರಾತ್ರಿಪಾಳಿ

ಬಹಳ ಅಗತ್ಯವಾದ ಪ್ರಶ್ನೆ. ನಾನು ಪಾಳಿಪಟ್ಟಿ ತಯಾರಿಸುವವಳಾದ್ದರಿಂದ ಆ ಬದಿಯಿಂದಲೇ ಮಾತನಾಡುತ್ತೇನೆ.

ಮೊದಲನೆಯದು ಗಡಿಯಾರ. ನ್ಯೂಯಾರ್ಕಿನ ಬೆಳಗಿನ ಒಂಬತ್ತು ಗಂಟೆ ಬೇಸಿಗೆಯಲ್ಲಿ ನಮಗೆ ಸಂಜೆ 6:30, ಚಳಿಗಾಲದಲ್ಲಿ 7:30. ಅಮೆರಿಕದವರು ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಮುಂದಿಟ್ಟರೆ, ಬ್ರಿಟನ್ ಮತ್ತು ಯುರೋಪಿನವರು ಅದೇ ತಿಂಗಳ ಕೊನೆಯ ಭಾನುವಾರ ಇಡುತ್ತಾರೆ. ನಡುವಿನ ಎರಡು ಮೂರು ವಾರ, ಎರಡೂ ಕಡೆಯ ಗ್ರಾಹಕರಿಗೆ ಒಂದೇ ತಂಡದಿಂದ ಸೇವೆ ಕೊಡುವವರಿಗೆ ಹಳೆಯ ಪಾಳಿಯೂ ಹೊಂದುವುದಿಲ್ಲ, ಹೊಸದೂ ಹೊಂದುವುದಿಲ್ಲ. ಪಾಳಿ ಒಂದು ಗಂಟೆ ಸರಿದರೆ ಕ್ಯಾಬ್ ಹೊರಡುವ ಹೊತ್ತು ಸರಿಯುತ್ತದೆ, ಮಹಿಳೆಯರು ರಾತ್ರಿ ಪ್ರಯಾಣಿಸುವ ವಾಹನಗಳ ಭದ್ರತಾ ವ್ಯವಸ್ಥೆ ಸರಿಯುತ್ತದೆ, ಊಟದ ಗುತ್ತಿಗೆಯೂ ಸರಿಯುತ್ತದೆ. ಬೇರೊಂದು ದೇಶದ ಕಾನೂನು ನಮ್ಮ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ದಟ್ಟಣೆಯ ಹೊತ್ತಿಗೆ ನಮ್ಮನ್ನು ನೂಕುತ್ತದೆ. ಆ ವಾರಗಳಲ್ಲಿ ಪಾಳಿ ಬದಲಾಗುವಾಗ ಎರಡೂ ಪಾಳಿಯವರು ಕಡ್ಡಾಯವಾಗಿ ಒಂದು ಗಂಟೆ ಒಟ್ಟಿಗಿರಬೇಕೆಂದು ನಾವು ಬರೆದುಕೊಂಡಿದ್ದೇವೆ.

ಎರಡನೆಯದು ಮಳೆ. 2022ರ ಆಗಸ್ಟ್ 30ರಂದು ಮತ್ತು ಮತ್ತೆ ಸೆಪ್ಟೆಂಬರ್ ಮೊದಲ ವಾರದಲ್ಲಿ ಹೊರವರ್ತುಲ ರಸ್ತೆ ಮುಳುಗಿದ್ದು, ಟ್ರ್ಯಾಕ್ಟರ್ ಹತ್ತಿ ಜನ ಕಚೇರಿಗೆ ಹೋಗಿದ್ದು ಎಲ್ಲರಿಗೂ ನೆನಪಿರುತ್ತದೆ. ಆಗಸ್ಟ್ 30ರ ಒಂದೇ ದಿನ ₹225 ಕೋಟಿ ನಷ್ಟವಾಯಿತೆಂದು ಹೊರವರ್ತುಲ ರಸ್ತೆಯ ಕಂಪನಿಗಳ ಸಂಘ ಮುಖ್ಯಮಂತ್ರಿಗಳಿಗೆ ಪತ್ರ ಬರೆದಿತ್ತು. ಆದರೆ ಕಡಿಮೆ ಜನ ಗಮನಿಸಿದ ಸಂಗತಿ ಬೇರೊಂದಿದೆ: ಅದೇ ಸೆಪ್ಟೆಂಬರ್ ಮಳೆಯಲ್ಲಿ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯ ಪಂಪಿಂಗ್ ಸ್ಟೇಷನ್ನಿಗೂ ನೀರು ನುಗ್ಗಿ, ಬೆಂಗಳೂರಿಗೆ ಬರುವ ಕಾವೇರಿ ನೀರು ಏರುಪೇರಾಯಿತು. ರಸ್ತೆಯ ಮೇಲೆ ಬೇಡದಷ್ಟು ನೀರು, ನಲ್ಲಿಯಲ್ಲಿ ನೀರಿಲ್ಲ. ಶೌಚಾಲಯಕ್ಕೆ ನೀರಿಲ್ಲದ ಕಟ್ಟಡದಲ್ಲಿ ಯಾವ ತಂಡವನ್ನೂ ಕೂರಿಸಲಾಗುವುದಿಲ್ಲ. ಹಾಗಿದ್ದೂ ಸೇವಾ ನಿರಂತರತೆಯ ಯೋಜನೆಗಳಲ್ಲಿ ವಿದ್ಯುತ್ತು, ಜನರೇಟರ್ ಮತ್ತು ಡೀಸೆಲ್ ಬಗ್ಗೆ ಪುಟಗಟ್ಟಲೆ ಬರೆದಿರುತ್ತಾರೆ, ನೀರಿನ ಬಗ್ಗೆ ಒಂದು ಸಾಲೂ ಇರುವುದಿಲ್ಲ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ನಗರವೆಲ್ಲ ಟ್ಯಾಂಕರ್ ಹಿಂದೆ ಬಿದ್ದಾಗ, ಮನೆಯಿಂದ ಕೆಲಸ ಮಾಡುತ್ತಿದ್ದವರ ಅಪಾರ್ಟ್‌ಮೆಂಟ್‌ಗಳಲ್ಲೂ ಇದೇ ಕಷ್ಟವಿತ್ತು. ಮನೆಯೂ ಕಚೇರಿಯೂ ಒಂದೇ ನಗರದಲ್ಲಿದ್ದರೆ ಅವು ಒಂದಕ್ಕೊಂದು ಪರ್ಯಾಯವಾಗುವುದು ಅರ್ಧ ಮಾತ್ರ.

ಬಂದ್‌ಗಳ ವಿಷಯ ಹೆಚ್ಚು ಹೇಳುವುದಿಲ್ಲ. 2016ರ ಸೆಪ್ಟೆಂಬರ್ 12ರ ಕಾವೇರಿ ಗಲಭೆಯ ನಂತರದ ಕರ್ಫ್ಯೂ ಕಂಡವರು, ರಾತ್ರಿ ಪಾಳಿಯವರನ್ನು ಬೆಳಿಗ್ಗೆ ಮನೆಗೆ ಕಳಿಸುವುದು ಎಷ್ಟು ದೊಡ್ಡ ಹೊಣೆ ಎಂಬುದನ್ನು ಬಲ್ಲರು.

ನಿಯಮಪಾಲನೆ

ರಾತ್ರಿಪಾಳಿಯವರು ಹೇಳಿದ ನೀರಿನ ಮಾತನ್ನು ನಮ್ಮ ಅಪಾಯಗಳ ಪಟ್ಟಿಗೆ ಈಗಲೇ ಸೇರಿಸುತ್ತಿದ್ದೇನೆ. ಕಾನೂನಿನ ಬದಿಯನ್ನು ನಾನು ಸ್ವಲ್ಪ ವಿವರವಾಗಿ ಬರೆಯಬೇಕಾಗಿದೆ, ಏಕೆಂದರೆ ನಮ್ಮ ದಿನನಿತ್ಯದ ಪ್ರಕ್ರಿಯೆಗೂ ಕಾನೂನಿಗೂ ನೇರ ಘರ್ಷಣೆಯಾಗುವುದು ಇಲ್ಲಿ.

2022ರ ಏಪ್ರಿಲ್ 28ರಂದು ಸೈಬರ್ ಭದ್ರತೆಯ ಕೇಂದ್ರ ಸರ್ಕಾರಿ ಸಂಸ್ಥೆಯಾದ ಸರ್ಟ್-ಇನ್ ಮಾಹಿತಿ ತಂತ್ರಜ್ಞಾನ ಕಾಯ್ದೆಯ 70ಬಿ ಕಲಮಿನ ಅಡಿಯಲ್ಲಿ ನಿರ್ದೇಶನ ಹೊರಡಿಸಿತು. ಪಟ್ಟಿಯಲ್ಲಿರುವ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಎಲ್ಲ ವ್ಯವಸ್ಥೆಗಳ ಲಾಗ್‌ಗಳನ್ನು (ಚಟುವಟಿಕೆಯ ದಾಖಲೆಗಳನ್ನು) 180 ದಿನ ಕಾಯ್ದಿಡಬೇಕು. ಗಡಿಯಾರಗಳನ್ನು ಎನ್‌ಐಸಿ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಅಥವಾ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಸಮಯ ಸರ್ವರ್‌ಗಳಿಗೆ, ಇಲ್ಲವೇ ಅವುಗಳಿಗೆ ಹೊಂದಿಕೊಂಡ ಸರ್ವರ್‌ಗಳಿಗೆ ಸರಿಹೊಂದಿಸಬೇಕು.

ಈಗ ನಮ್ಮ ಆದ್ಯತಾ ಕೋಷ್ಟಕವನ್ನು ನೋಡಿ. ಪರಿಣಾಮ ಮತ್ತು ತುರ್ತು, ಈ ಎರಡನ್ನು ಹೊಂದಿಸಿ ಪಿ1ರಿಂದ ಪಿ4ರವರೆಗೆ ಅಂಕಿ ಕೊಡುತ್ತೇವೆ. ಯಾರೂ ಬಳಸದ ಒಂದು ಹಳೆಯ ಪರೀಕ್ಷಾ ಸರ್ವರಿನಿಂದ ದತ್ತಾಂಶ ಸೋರಿಕೆಯಾದರೆ, ಯಾವ ಬಳಕೆದಾರನ ಕೆಲಸವೂ ನಿಂತಿಲ್ಲವಾದ್ದರಿಂದ ಅದು ಪಿ4 ಆಗುತ್ತದೆ. ಪಿ4ಕ್ಕೆ ಐದು ಕೆಲಸದ ದಿನಗಳ ಎಸ್‌ಎಲ್‌ಎ ಇದ್ದರೆ, ಶುಕ್ರವಾರ ಸಂಜೆ ಬಂದ ಆ ಟಿಕೆಟ್ಟನ್ನು ಸೋಮವಾರ ತೆರೆಯುವುದು ಪ್ರಕ್ರಿಯೆಯ ಪ್ರಕಾರ ಸರಿಯೇ. ಕಾನೂನಿನ 6 ಗಂಟೆ ಮಾತ್ರ ಶುಕ್ರವಾರ ರಾತ್ರಿಯೇ ಮುಗಿದಿರುತ್ತದೆ. ಆದ್ದರಿಂದ ಆದ್ಯತೆಯ ಅಂಕಿಗೆ ಸಂಬಂಧವಿಲ್ಲದ ಇನ್ನೊಂದು ಅಂಕಣ ಬೇಕು: ಈ ಘಟನೆ ಯಾವುದಾದರೂ ಕಾನೂನಿನಡಿ ವರದಿಯೋಗ್ಯವೇ, ಹೌದಾದರೆ ಯಾವ ಕ್ಷಣದಲ್ಲಿ ಗಮನಕ್ಕೆ ಬಂತು. ಸೇವಾಮೇಜಿನಲ್ಲಿ ಟಿಕೆಟ್ಟನ್ನು ಮೊದಲು ನೋಡುವ ಮೊದಲ ಹಂತದವರೇ ಇದನ್ನು ತುಂಬಬೇಕು. ಅನುಮಾನವಿದ್ದರೆ ಹೌದು ಎಂದೇ ತುಂಬಲಿ, ಕಾನೂನು ವಿಭಾಗದವರು ನಂತರ ತೆಗೆಯಲಿ.

ಬ್ಯಾಂಕುಗಳಿಗೆ ಸೇವೆ ಕೊಡುವವರಿಗೆ ಇನ್ನೂ ಬಿಗಿಯಿದೆ. ಐಟಿ ಸೇವೆಗಳ ಹೊರಗುತ್ತಿಗೆಯ ಬಗ್ಗೆ ರಿಸರ್ವ್ ಬ್ಯಾಂಕ್ 2023ರ ಏಪ್ರಿಲ್‌ನಲ್ಲಿ ಹೊರಡಿಸಿ ಅದೇ ಅಕ್ಟೋಬರ್ 1ರಿಂದ ಜಾರಿಗೆ ತಂದ ನಿರ್ದೇಶನದಲ್ಲಿ, ಸೇವೆ ಕೊಡುವ ಮೂರನೇ ಸಂಸ್ಥೆ ಸೈಬರ್ ಘಟನೆಯನ್ನು ಪತ್ತೆ ಮಾಡಿದ 6 ಗಂಟೆಯೊಳಗೆ ಬ್ಯಾಂಕು ಅದನ್ನು ರಿಸರ್ವ್ ಬ್ಯಾಂಕಿಗೆ ತಿಳಿಸುವಂತಿರಬೇಕು. ಅಂದರೆ ಗಡಿಯಾರ ಓಡಲು ಶುರುವಾಗುವುದು ಗ್ರಾಹಕನ ಕಚೇರಿಯಲ್ಲಲ್ಲ, ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ ಕುಳಿತ ನಮ್ಮ ಮಾನಿಟರಿಂಗ್ ತಂಡದ ಪರದೆಯ ಮೇಲೆ. ನಾವು ನಮ್ಮ ಕೆಳಗಿನ ವೆಂಡರ್ ಜೊತೆ ‘24 ಗಂಟೆಯೊಳಗೆ ತಿಳಿಸಬೇಕು’ ಎಂದು ಒಪ್ಪಂದ ಮಾಡಿಕೊಂಡಿದ್ದರೆ ಆ ಒಪ್ಪಂದಕ್ಕೆ ಬೆಲೆಯೇ ಇಲ್ಲ. ಇದರ ಮೇಲೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಿದೆ. ಸೂಕ್ತ ಭದ್ರತೆ ಕೈಗೊಳ್ಳದಿದ್ದರೆ ದಂಡ ₹250 ಕೋಟಿಯವರೆಗೆ ಹೋಗಬಹುದು. ಯುರೋಪಿನ ಗ್ರಾಹಕರಿದ್ದರೆ ಅಲ್ಲಿನ ದತ್ತಾಂಶ ಸಂರಕ್ಷಣಾ ಕಾನೂನಾದ ಜಿಡಿಪಿಆರ್ ಸೋರಿಕೆಯ ವರದಿಗೆ ಕೊಡುವ 72 ಗಂಟೆಯೂ ಸೇರಿಕೊಳ್ಳುತ್ತದೆ. ಒಂದೇ ಟಿಕೆಟ್ಟಿಗೆ ಮೂರು ಗಡಿಯಾರ.

180 ದಿನಗಳ ಲಾಗ್ ಎಂಬುದು ಸಂಗ್ರಹಣೆಯ ಖರ್ಚಿನ ಪ್ರಶ್ನೆಯೂ ಹೌದು. ಸಾಮರ್ಥ್ಯ ಯೋಜನೆ ಮಾಡುವವರನ್ನು ಕಾನೂನು ಸಭೆಗೆ ಕರೆಯುವುದು ಈ ಕಾರಣಕ್ಕೆ.

ಎಚ್‌ಎಸ್‌ಆರ್_ನಿರ್ವಾಹಕ

ಎಲ್ಲರ ಮಾತನ್ನೂ ಗೌರವದಿಂದ ಓದಿದೆ, ಆದರೂ ಒಂದು ಭಿನ್ನಾಭಿಪ್ರಾಯವಿದೆ. ಪ್ರವಾಹ, ಗಲಭೆ, ಯುದ್ಧ ಇವೆಲ್ಲ ಒಪ್ಪಂದದ ‘ಫೋರ್ಸ್ ಮೆಜೂರ್’ (ಕೈಮೀರಿದ ಘಟನೆಗಳಿಗೆ ವಿನಾಯಿತಿ) ಷರತ್ತಿನಲ್ಲಿ ಈಗಾಗಲೇ ಇವೆ. ಆ ಹೊತ್ತಿಗೆ ಎಸ್‌ಎಲ್‌ಎ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಕೈಯಲ್ಲಿಲ್ಲದ ಪ್ರಪಂಚದ ಎಲ್ಲ ಸಂಗತಿಗಳನ್ನೂ ಟಿಕೆಟ್ ನಮೂನೆಯೊಳಗೆ ತುರುಕಿದರೆ ಮೊದಲ ಹಂತದವರು ಅಂಕಣ ತುಂಬುವುದರಲ್ಲೇ ಬಳಲುತ್ತಾರೆ. ಒಳ್ಳೆಯ ಮಾನಿಟರಿಂಗ್, ಒಳ್ಳೆಯ ರನ್‌ಬುಕ್ (ತೊಂದರೆ ಬಂದಾಗ ಇಡಬೇಕಾದ ಹೆಜ್ಜೆಗಳ ಕೈಪಿಡಿ) ಇದ್ದರೆ ಕಾರಣ ಒಳಗಿನದಾದರೇನು, ಹೊರಗಿನದಾದರೇನು?

ಸರ್ವಿಸ್‌ಡೆಸ್ಕ್_ಬೆಳ್ಳಂದೂರು

ನಿರ್ವಾಹಕರೇ, ನಿಮ್ಮ ಆಕ್ಷೇಪ ನ್ಯಾಯವಾದದ್ದೇ. ಆದರೆ ಆ ಷರತ್ತು ನಮ್ಮನ್ನು ದಂಡದಿಂದ ಉಳಿಸುತ್ತದೆಯೇ ಹೊರತು ಬಳಕೆದಾರನ ಕೆಲಸವನ್ನು ನಡೆಸಿಕೊಡುವುದಿಲ್ಲ. ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ನಿಂತವರಿಗೆ ನಮ್ಮ ಒಪ್ಪಂದದ ಷರತ್ತು ಯಾವುದಾದರೇನು?

ಮಾನಿಟರಿಂಗ್ ಮತ್ತು ರನ್‌ಬುಕ್ ಸಾಕು ಎಂಬುದಕ್ಕೆ 2024ರ ಜುಲೈ 19ರ ಶುಕ್ರವಾರವನ್ನೇ ಉತ್ತರವಾಗಿ ಇಡುತ್ತೇನೆ. ಅಂದು ಕ್ರೌಡ್‌ಸ್ಟ್ರೈಕ್ ಕಂಪನಿ ತನ್ನ ಫಾಲ್ಕನ್ ಎಂಬ ಭದ್ರತಾ ಸಾಫ್ಟ್‌ವೇರಿಗೆ ಕಳಿಸಿದ ದೋಷಪೂರಿತ ಕಡತವೊಂದು ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ನೀಲಿ ಪರದೆಗೆ ತಂದು ನಿಲ್ಲಿಸಿತು. ಅದು ಹೊರಟದ್ದು ನಮ್ಮ ಬೆಳಿಗ್ಗೆ 9:39ಕ್ಕೆ. ಅಮೆರಿಕದಲ್ಲಿ ಮಧ್ಯರಾತ್ರಿಯಾಗಿದ್ದ ಆ ಹೊತ್ತು ಬೆಂಗಳೂರಿನಲ್ಲಿ ಜನ ಲ್ಯಾಪ್‌ಟಾಪ್ ತೆರೆಯುವ ಹೊತ್ತು. 10:57ಕ್ಕೆ ಕಂಪನಿ ಅದನ್ನು ಹಿಂತೆಗೆದುಕೊಂಡಿತು. ಆದರೆ ಅಷ್ಟರಲ್ಲಿ ಬಿದ್ದ ಯಂತ್ರಗಳಲ್ಲಿ ಹೆಚ್ಚಿನವನ್ನು ಒಂದೊಂದಾಗಿ ಸೇಫ್ ಮೋಡ್‌ಗೆ ತಂದು ಆ ಕಡತವನ್ನು ಕೈಯಿಂದಲೇ ಅಳಿಸಬೇಕಾಯಿತು. ಡಿಸ್ಕ್ ಗೂಢಲಿಪೀಕರಣವಾಗಿದ್ದರೆ ಅದನ್ನು ತೆರೆಯುವ ಬಿಟ್‌ಲಾಕರ್ ಕೀಲಿಯೂ ಬೇಕಾಯಿತು. ಆ ಕೀಲಿಗಳನ್ನಿಟ್ಟಿದ್ದ ಸರ್ವರೇ ಬಿದ್ದಿದ್ದರೆ ಏನು ಮಾಡಬೇಕೆಂದು ಹೇಳುವ ರನ್‌ಬುಕ್ ಎಷ್ಟು ಕಡೆ ಇತ್ತು? ಯಂತ್ರ ಮನೆಯಲ್ಲಿದ್ದು, ಅದನ್ನು ಹಿಡಿದವರಿಗೆ ಫೋನಿನಲ್ಲಿ ಒಂದೊಂದೇ ಹೆಜ್ಜೆ ಹೇಳಿಕೊಡಬೇಕಾಗಿ ಬಂದರೆ ಒಂದು ಕರೆಗೆ ಎಷ್ಟು ಹೊತ್ತು ಹಿಡಿಯುತ್ತದೆ, ಅದಕ್ಕೆ ಎಷ್ಟು ಜನ ಬೇಕು?

ಇಲ್ಲಿ ಮುಖ್ಯವಾದದ್ದು ಇನ್ನೊಂದಿದೆ. ನಮ್ಮ ಚೇಂಜ್ ಸಭೆ ಒಂದು ಸಣ್ಣ ಫೈರ್‌ವಾಲ್ ನಿಯಮಕ್ಕೂ ಅನುಮೋದನೆ ಕೇಳುತ್ತದೆ. ಆದರೆ ಪೂರೈಕೆದಾರ ಕಂಪನಿ ನೇರವಾಗಿ ತಳ್ಳುವ ಇಂಥ ಕಡತಗಳು ಆ ಸಭೆಯ ಕಣ್ಣಿಗೇ ಬೀಳುವುದಿಲ್ಲ. ಸಾಫ್ಟ್‌ವೇರಿನ ಹೊಸ ಆವೃತ್ತಿಯನ್ನು ತಡೆಹಿಡಿದಿದ್ದವರ ಯಂತ್ರಗಳೂ ಅಂದು ಬಿದ್ದವು, ಏಕೆಂದರೆ ಆ ಕಡತ ಆವೃತ್ತಿಯ ನಿಯಂತ್ರಣಕ್ಕೆ ಒಳಪಟ್ಟಿರಲಿಲ್ಲ. ಹಾಗಾಗಿ ಯಾವ ಯಾವ ಪೂರೈಕೆದಾರರು ನಮ್ಮ ಅನುಮತಿಯಿಲ್ಲದೆ ನಮ್ಮ ಯಂತ್ರಗಳನ್ನು ಬದಲಿಸಬಲ್ಲರು ಎಂಬ ಪಟ್ಟಿ ಸಿಎಂಡಿಬಿಯಲ್ಲಿ (ನಮ್ಮ ಯಂತ್ರ, ತಂತ್ರಾಂಶಗಳ ದಾಖಲೆಕೋಶದಲ್ಲಿ) ಇರಲೇಬೇಕು. ಅಂದು ವಿಮಾನ ನಿಲ್ದಾಣಗಳಲ್ಲಿ ಸಿಬ್ಬಂದಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಟ್ಟರು. ಅದನ್ನು ನೋಡಿ ಕೆಲವರು ನಕ್ಕರು; ನನಗೆ ಮಾತ್ರ ಅದು ಅಂದಿನ ಅತ್ಯಂತ ಗೌರವಾರ್ಹ ಸೇವಾ ನಿರಂತರತೆಯಾಗಿ ಕಂಡಿತು.

ಜಾಲ_ಕೋರಮಂಗಲ

ನೆಟ್‌ವರ್ಕ್ ಬದಿಯಿಂದ ಎರಡು ಮಾತು. ಬೆಂಗಳೂರು ಸಮುದ್ರದಿಂದ ದೂರವಿರುವ ಊರು. ಹೊರದೇಶಕ್ಕೆ ಹೋಗುವ ನಮ್ಮ ದಟ್ಟಣೆಯ ಬಹುಭಾಗ ಮುಂಬೈ ಅಥವಾ ಚೆನ್ನೈ ತೀರದ ಕೇಬಲ್‌ಗಳ ಮೂಲಕವೇ ಹೋಗಬೇಕು. 2008ರ ಜನವರಿ ಕೊನೆಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಕೇಬಲ್‌ಗಳು ತುಂಡಾದಾಗ ಭಾರತದ ಸಂಪರ್ಕ ಸೊರಗಿತ್ತು. 2024ರ ಫೆಬ್ರವರಿಯಲ್ಲಿ ಕೆಂಪು ಸಮುದ್ರದಲ್ಲಿ, 2025ರ ಸೆಪ್ಟೆಂಬರ್‌ನಲ್ಲಿ ಜೆಡ್ಡಾ ಹತ್ತಿರ ಮತ್ತೆ ಕೇಬಲ್‌ಗಳಿಗೆ ಹಾನಿಯಾಯಿತು. ಈಚಿನ ಎರಡು ಸಲವೂ ಸಂಪರ್ಕ ಪೂರ್ತಿ ನಿಲ್ಲಲಿಲ್ಲ, ಸುತ್ತುದಾರಿ ಹಿಡಿದು ನಿಧಾನವಾಯಿತು. ನಮ್ಮ ಎಸ್‌ಎಲ್‌ಎಗಳು ‘ಲಭ್ಯತೆ’ಯನ್ನು ಅಳೆಯುತ್ತವೆ, ವಿಳಂಬವನ್ನು ಅಳೆಯುವುದು ಅಪರೂಪ. ಲಂಡನ್ನಿನ ಬಳಕೆದಾರನ ಪರದೆ ತೆರೆಯಲು ಅರ್ಧ ನಿಮಿಷ ಹಿಡಿದರೂ ವರದಿಯಲ್ಲಿ ಎಲ್ಲವೂ ಹಸಿರು.

ಇನ್ನೊಂದು ಮಾತು ಊರೊಳಗಿನದು. ಇಬ್ಬರು ಬೇರೆ ಬೇರೆ ಸೇವಾದಾರರಿಂದ ಎರಡು ಲಿಂಕ್ ಪಡೆದಿದ್ದೇವೆಂದು ನೆಮ್ಮದಿಯಾಗಿದ್ದಾಗ, ರಸ್ತೆ ಅಗೆಯುವ ಜೆಸಿಬಿ ಒಂದೇ ಏಟಿಗೆ ಎರಡನ್ನೂ ಕತ್ತರಿಸುವುದು ಈ ನಗರದಲ್ಲಿ ಹೊಸದಲ್ಲ. ಎರಡೂ ಒಂದೇ ಕೊಳವೆಯಲ್ಲಿ ಬಂದಿರುತ್ತವೆ. ಬಿಲ್ ಎರಡಾದರೆ ದಾರಿ ಎರಡಾಗುವುದಿಲ್ಲ. ಆಪ್ಟಿಕಲ್ ಫೈಬರ್ ಕೇಬಲ್ಲಿನ ಭೌತಿಕ ಮಾರ್ಗದ ನಕ್ಷೆಯನ್ನು ಒಪ್ಪಂದದ ಭಾಗವಾಗಿಯೇ ಕೇಳಿ ಪಡೆಯಿರಿ. ಕೊಡಲು ಹಿಂಜರಿಯುತ್ತಾರೆ, ಬಿಡದೆ ಕೇಳಿ.

ಖರೀದಿ_ವಿಭಾಗ

ರಾಜಕೀಯ ಎಂಬ ಅಂಶವನ್ನು ನಮ್ಮಲ್ಲಿ ಬಹಳ ಮಂದಿ ಚುನಾವಣೆ ಎಂದಷ್ಟೇ ಅರ್ಥಮಾಡಿಕೊಳ್ಳುತ್ತಾರೆ. 2025ರ ಜುಲೈನಲ್ಲಿ ನಡೆದದ್ದನ್ನು ನೋಡಿ. ಯುರೋಪಿನ ಒಕ್ಕೂಟ ಭಾರತದ ತೈಲ ಕಂಪನಿಯಾದ ನಯಾರಾ ಎನರ್ಜಿಯ ಮೇಲೆ ನಿರ್ಬಂಧ ಹೇರಿದ ಮೇಲೆ ಮೈಕ್ರೋಸಾಫ್ಟ್ ಆ ಕಂಪನಿಗೆ ತನ್ನ ಸೇವೆಗಳನ್ನು ನಿಲ್ಲಿಸಿತು. ನಯಾರಾ ದೆಹಲಿ ಹೈಕೋರ್ಟಿನ ಮೊರೆ ಹೋಯಿತು, ಕೆಲವೇ ದಿನಗಳಲ್ಲಿ ಸೇವೆ ಮರಳಿತು. ಭಾರತದ ಕಾನೂನಿನ ಪ್ರಕಾರ ಯಾವ ತಪ್ಪೂ ಇಲ್ಲದ, ಶುಲ್ಕ ಕಟ್ಟಿದ ಗ್ರಾಹಕನ ಇಮೇಲ್ ಬೇರೆ ಭೂಖಂಡದ ನಿರ್ಧಾರದಿಂದ ನಿಲ್ಲಬಹುದು ಎಂಬುದನ್ನು ಅಂದು ಎಲ್ಲರೂ ಕಂಡರು. ಪೂರೈಕೆದಾರರನ್ನು ಆರಿಸುವಾಗ ಅವರು ಯಾವ ದೇಶಗಳ ಕಾನೂನಿಗೆ ಬದ್ಧರು ಎಂಬುದೂ ಇನ್ನು ಮುಂದೆ ಒಂದು ಮಾನದಂಡವಾಗಲೇಬೇಕು.

ಆರ್ಥಿಕ ಅಂಶಕ್ಕೆ ಉದಾಹರಣೆ ಬೇಕಾದರೆ, 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಕಂಪನಿಯು, ಒಂದೇ ಯಂತ್ರದಲ್ಲಿ ಹಲವು ಸರ್ವರ್‌ಗಳನ್ನು ನಡೆಸುವ ತಂತ್ರಾಂಶ ಮಾರುವ ವಿಎಂವೇರನ್ನು ಕೊಂಡು, ಮರುತಿಂಗಳೇ ಶಾಶ್ವತ ಲೈಸೆನ್ಸುಗಳ ಮಾರಾಟ ನಿಲ್ಲಿಸಿ ಎಲ್ಲವನ್ನೂ ಚಂದಾ ಪದ್ಧತಿಗೆ ತಂದದ್ದು ಸಾಕು. ಸರ್ವರ್ ಕೆಡಲಿಲ್ಲ, ಟಿಕೆಟ್ ಬರಲಿಲ್ಲ, ಆದರೂ ಸೇವೆಯ ವೆಚ್ಚದ ಲೆಕ್ಕವೆಲ್ಲ ತಲೆಕೆಳಗಾಯಿತು. ಒಪ್ಪಂದ ನವೀಕರಣದ ದಿನಾಂಕಗಳು ಖರೀದಿಯವರ ಕಡತದಲ್ಲಿ ಮಾತ್ರವಿದ್ದರೆ ಸಾಲದು, ಸೇವಾ ಮಾಲೀಕರ (ಆ ಸೇವೆಯ ಹೊಣೆ ಹೊತ್ತವರ) ಕ್ಯಾಲೆಂಡರಿನಲ್ಲೂ ಒಂದು ವರ್ಷ ಮೊದಲೇ ಕಾಣಬೇಕು.

ನಾಗರಿಕ_ಸೇವೆ

ಇಲ್ಲಿ ಎಲ್ಲರೂ ಖಾಸಗಿ ಕಂಪನಿಗಳ ಬಗ್ಗೆ ಬರೆದಿದ್ದೀರಿ. ನಾನು ಸರ್ಕಾರಿ ತಂತ್ರಾಂಶಗಳಿಗೆ ಬೆಂಬಲ ಕೊಡುವ ತಂಡದಲ್ಲಿರುವವನು. ನಮ್ಮ ರಾಜ್ಯದಲ್ಲಿ 2011ರ ಸಕಾಲ ಅಧಿನಿಯಮವಿದೆ. 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಜಾರಿಯಲ್ಲಿದೆ. ಅಧಿಸೂಚಿತ ಸೇವೆಗೆ ಅರ್ಜಿ ಕೊಟ್ಟವರಿಗೆ ನಿಗದಿತ ದಿನಗಳೊಳಗೆ ಸೇವೆ ಸಿಗದಿದ್ದರೆ ದಿನಕ್ಕೆ ₹20ರಂತೆ ₹500ರವರೆಗೆ ಪರಿಹಾರ ಕೇಳುವ ಹಕ್ಕಿದೆ. ಅಂದರೆ ಶಾಸನಸಭೆಯೇ ಅಂಗೀಕರಿಸಿದ ಎಸ್‌ಎಲ್‌ಎ ಇದು. ತಂತ್ರಾಂಶ ಒಂದು ದಿನ ಕೆಟ್ಟು ನಿಂತರೆ ಅರ್ಜಿದಾರರ ದಿನ ನಿಲ್ಲುವುದಿಲ್ಲ. ಒತ್ತಡ ಬೀಳುವುದು ನಾಡಕಚೇರಿಯ ಸಿಬ್ಬಂದಿಯ ಮೇಲೆ.

ಇದರಿಂದ ನಮ್ಮ ಚೇಂಜ್ ಕ್ಯಾಲೆಂಡರಿನ ಸ್ವರೂಪವೇ ಬೇರೆಯಾಗಿದೆ. ಶಾಲಾ ಕಾಲೇಜು ಪ್ರವೇಶದ ತಿಂಗಳುಗಳಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅರ್ಜಿಗಳು ಮುಗಿಬೀಳುತ್ತವೆ. ಹೊಸ ಯೋಜನೆ ಘೋಷಣೆಯಾದ ಮರುದಿನ ಅಂದಾಜು ಮೀರಿದ ದಟ್ಟಣೆ ಬರುತ್ತದೆ, ಮತ್ತು ಆ ಘೋಷಣೆ ನಮಗೆ ಗೊತ್ತಾಗುವುದು ಬಹುಮಟ್ಟಿಗೆ ಪತ್ರಿಕೆಯಿಂದಲೇ. ಹೀಗಾಗಿ ನಮ್ಮ ತಂಡದಲ್ಲಿ ಒಬ್ಬರಿಗೆ ಬಜೆಟ್ ಭಾಷಣವನ್ನೂ ಸಂಪುಟ ಸಭೆಯ ತೀರ್ಮಾನಗಳನ್ನೂ ಓದಿ, ದಟ್ಟಣೆಯ ಮುನ್ಸೂಚನೆ ಬರೆಯುವ ಕೆಲಸ ವಹಿಸಿದ್ದೇವೆ. ಅದನ್ನು ಹೆಚ್ಚುವರಿ ಕೆಲಸವೆಂದು ಯಾರೂ ಭಾವಿಸುವುದಿಲ್ಲ.

ಎಚ್‌ಎಸ್‌ಆರ್_ನಿರ್ವಾಹಕ

ಕಾನೂನಿನ ಗಡಿಯಾರ ಮತ್ತು ಪೂರೈಕೆದಾರರ ಪಟ್ಟಿ, ಈ ಎರಡು ವಿಷಯಗಳಲ್ಲಿ ನಿಮ್ಮ ವಾದವನ್ನು ಒಪ್ಪುತ್ತೇನೆ. ಉಳಿದದ್ದರಲ್ಲಿ ನನ್ನ ಸಂದೇಹ ಇನ್ನೂ ಇದೆ: ನಮ್ಮದು ಸಣ್ಣ ತಂಡ, ದಿನಪತ್ರಿಕೆ ಓದಲೊಬ್ಬರು, ಹವಾಮಾನ ನೋಡಲೊಬ್ಬರು ಎಂದು ಹಂಚುವಷ್ಟು ಜನರಿಲ್ಲ. ಎಲ್ಲಿಂದ ಶುರುಮಾಡಬೇಕು?

ಸರ್ವಿಸ್‌ಡೆಸ್ಕ್_ಬೆಳ್ಳಂದೂರು

ಹೊಸ ಹುದ್ದೆಯೇನೂ ಬೇಡ, ಇರುವ ಚೇಂಜ್ ಕ್ಯಾಲೆಂಡರಿನಿಂದಲೇ ಶುರುಮಾಡಿ. ಮೊದಲೇ ಗೊತ್ತಿರುವ ಹೊರಗಿನ ದಿನಾಂಕಗಳನ್ನೆಲ್ಲ ಅದರಲ್ಲಿ ಬರೆಯಿರಿ: ಗಡಿಯಾರ ಬದಲಾಗುವ ಭಾನುವಾರಗಳು, ಒಪ್ಪಂದ ಮುಗಿಯುವ ದಿನಗಳು, ಹೊಸ ನಿಯಮಗಳು ಜಾರಿಗೆ ಬರುವ ದಿನಗಳು, ಗ್ರಾಹಕರ ಲೆಕ್ಕಪತ್ರದ ವರ್ಷಾಂತ್ಯ. ದಿನಾಂಕ ಗೊತ್ತಿಲ್ಲದ ಸಂಗತಿಗಳಿಗೆ, ಯಾವ ಸೂಚನೆ ಬಂದರೆ ಯಾರು ಏನು ಮಾಡಬೇಕೆಂದು ಒಂದೊಂದೇ ಸಾಲು ಸಾಕು. ಹವಾಮಾನ ಇಲಾಖೆ ಬೆಂಗಳೂರಿಗೆ ಆರೆಂಜ್ ಅಲರ್ಟ್ ಕೊಟ್ಟರೆ ಪಾಳಿ ಮುಖ್ಯಸ್ಥರು ಯಾರನ್ನೂ ಕೇಳದೆ ಮರುದಿನ ಎಲ್ಲರಿಗೂ ಮನೆಯಿಂದ ಕೆಲಸವೆಂದು ಘೋಷಿಸಬಹುದು ಎಂಬ ಒಂದೇ ಸಾಲು, ಆ ಅಧಿಕಾರವನ್ನು ಬರಹದಲ್ಲಿ ಕೊಟ್ಟಿರುವುದರಿಂದಲೇ ಬಹಳ ಉಪಯೋಗಕ್ಕೆ ಬರುತ್ತದೆ. ಅನುಮತಿಗಾಗಿ ಕಾಯುವ ಎರಡು ಗಂಟೆಯಲ್ಲೇ ರಸ್ತೆ ಮುಳುಗುವುದು.

ಎಸ್‌ಇಝಡ್ (ವಿಶೇಷ ಆರ್ಥಿಕ ವಲಯ) ಕಟ್ಟಡದಲ್ಲಿರುವವರು ಮಾತ್ರ ಇದಕ್ಕೆ ಮೊದಲು 2022ರ ಜುಲೈನಲ್ಲಿ ಸೇರಿಸಲಾದ, ಮನೆಯಿಂದ ಕೆಲಸಕ್ಕೆ ಸಂಬಂಧಿಸಿದ 43ಎ ನಿಯಮದ ಅಡಿಯಲ್ಲಿ ತಮ್ಮ ಘಟಕದ ಸ್ಥಿತಿ ಏನೆಂದು ಆಡಳಿತ ವಿಭಾಗವನ್ನು ಕೇಳಿಕೊಳ್ಳಬೇಕು.

ನಿಯಮಪಾಲನೆ

ನಿರ್ವಾಹಕರಿಗೆ ಇನ್ನೊಂದು ಸಲಹೆ. ಸರ್ಟ್-ಇನ್ ನಿರ್ದೇಶನದ ಪ್ರಕಾರ ಪ್ರತಿ ಸಂಸ್ಥೆಯೂ ಸಂಪರ್ಕ ವ್ಯಕ್ತಿಯೊಬ್ಬರನ್ನು ನೇಮಿಸಬೇಕು. ಬಹಳ ಕಡೆ ಆ ಜಾಗದಲ್ಲಿ ಒಬ್ಬ ಹಿರಿಯ ಅಧಿಕಾರಿಯ ಹೆಸರಿದ್ದು, ಅವರು ರಜೆಯಲ್ಲಿದ್ದಾಗ ಯಾರು ಎಂಬುದು ಯಾರಿಗೂ ತಿಳಿದಿರುವುದಿಲ್ಲ. ಆ ಹೆಸರನ್ನೂ ಬದಲಿ ಹೆಸರನ್ನೂ ಆನ್‌ಕಾಲ್ ಪಾಳಿಪಟ್ಟಿಯಲ್ಲೇ ಬರೆಯಿರಿ, ದಸರಾ ದೀಪಾವಳಿ ರಜೆಗಳಿಗೂ ಸೇರಿಸಿ. 6 ಗಂಟೆಯೊಳಗೆ ಪೂರ್ಣ ತನಿಖೆ ಮುಗಿದಿರಬೇಕೆಂದು ಯಾರೂ ಕೇಳಿಲ್ಲ. ಆ ಹೊತ್ತಿಗೆ ಲಭ್ಯವಿರುವಷ್ಟು ವಿವರ ಕಳಿಸಿ, ಉಳಿದದ್ದನ್ನು ಸೂಕ್ತ ಸಮಯದಲ್ಲಿ ಕೊಡಬಹುದು. ವರದಿಯ ನಮೂನೆಯಲ್ಲಿ ಸಂಸ್ಥೆಯ ಹೆಸರು, ವಿಳಾಸ, ಸಂಪರ್ಕ ಸಂಖ್ಯೆಗಳಂಥ ಬದಲಾಗದ ಭಾಗಗಳನ್ನು ಇಂದೇ ತುಂಬಿಟ್ಟರೆ, ರಾತ್ರಿ ಎಚ್ಚರಗೊಂಡ ಎಂಜಿನಿಯರ್ ಘಟನೆಯ ವಿವರವನ್ನಷ್ಟೇ ಬರೆದರೆ ಸಾಕಾಗುತ್ತದೆ.